ಕುರ್ತುಬಾದ ಕಂಬಗಳು, ಕಲಬುರಗಿಯ ಕಮಾನುಗಳು

ಗುರುಮಠಕಲ್‌ನಲ್ಲಿ ಬೆಳೆದ ನಮಗೆ ಬಾಲ್ಯದಲ್ಲಿ ಗುಲ್ಬರ್ಗಾಕ್ಕೆ ಹೋಗುವುದೆಂದರೆ ಹಝ್ರತ್ ಖ್ವಾಜಾ ಬಂದೇನವಾಝ್‌ರವರ ಉರುಸ್‌ಗೆ ಹೋಗುವುದು ಎಂದೇ ಅರ್ಥವಾಗಿತ್ತು. ಆಗಿನ್ನೂ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಊರಿನ ಹೆಸರೂ ಕಲಬುರಗಿ ಎಂದು ಬದಲಾಗಿರಲಿಲ್ಲ. ದರ್ಗಾದ ಝಿಯಾರತ್ ಮುಗಿದ ಮೇಲೆ ದಾದಾ ನಮ್ಮನ್ನು ತಪ್ಪದೆ ಕೋಟೆಯೊಳಗಿನ ಜಾಮಿಯಾ ಮಸೀದಿಗೆ ಕರೆದೊಯ್ಯುತ್ತಿದ್ದರು. ಹೊರಗಿನ ಬಿಸಿಲು ಒಮ್ಮೆಲೇ ಮಾಯವಾಗಿ, ಕಮಾನಿನ ಹಿಂದೆ ಕಮಾನು ನಿಂತ ಆ ತಂಪಿನಲ್ಲಿ ನಾವು ಮಕ್ಕಳು ಸುಮ್ಮನಾಗಿಬಿಡುತ್ತಿದ್ದೆವು. ದಾದಾ ಪ್ರತಿ ವರ್ಷವೂ ಅದೇ ಮಾತನ್ನು ಹೇಳುತ್ತಿದ್ದರು: "ಇಂಥ ಮಸೀದಿ ದುನಿಯಾದಲ್ಲಿ ಇನ್ನೊಂದೇ ಇದೆ. ಅದು ಕುರ್ತುಬಾದಲ್ಲಿದೆ." ಅವರು ಹೈದರಾಬಾದ್ ದಾಟಿ ಹೋದವರಲ್ಲ. ಆದರೂ ಕುರ್ತುಬಾ ಎನ್ನುವಾಗ ಪಕ್ಕದ ನಾರಾಯಣಪೇಟೆಯ ಹೆಸರು ಹೇಳಿದಷ್ಟು ಸಲುಗೆ ಅವರ ಧ್ವನಿಯಲ್ಲಿರುತ್ತಿತ್ತು.

ದಾದಾ ಹೇಳದೆ ಬಿಟ್ಟದ್ದು, ಬಹುಶಃ ಅವರಿಗೂ ಪೂರ್ತಿ ತಿಳಿಯದೇ ಇದ್ದದ್ದು ಒಂದಿತ್ತು. ಕುರ್ತುಬಾದ ಆ ಮಸೀದಿ 1236ರಿಂದ ಇಂದಿನವರೆಗೂ ಕ್ರೈಸ್ತರ ಕ್ಯಾಥೆಡ್ರಲ್ ಆಗಿದೆ. ಯುರೋಪಿನಲ್ಲಿ ಓದುತ್ತಿರುವ ಮಗನೊಂದಿಗೆ ಸ್ಪೇನಿನ ಆ ನಗರದಲ್ಲಿ ಟಿಕೆಟಿಗಾಗಿ ಸಾಲಿನಲ್ಲಿ ನಿಂತಾಗ ನನ್ನ ಕೈಯಲ್ಲಿದ್ದ ಚೀಟಿಯ ಮೇಲೆ ಮೊದಲು ಕಂಡ ಪದ ಕ್ಯಾಥೆಡ್ರಲ್ ಎಂಬುದೇ. ಮಗ ಕೇಳಿದ: "ಅಬ್ಬಾ, ನಾವು ನಮ್ಮ ಮಸೀದಿಗೆ ಹೋಗುತ್ತಿದ್ದೇವೆಯೋ, ಅವರ ಚರ್ಚಿಗೆ ಹೋಗುತ್ತಿದ್ದೇವೆಯೋ?" ಈ ಲೇಖನ ಆ ಪ್ರಶ್ನೆಗೆ ಕೊಡಬೇಕಾಗಿದ್ದ ಉತ್ತರ. ಸಾಲಿನಲ್ಲಿ ನಿಂತಾಗ ನಾನು ಕೊಟ್ಟ ಉತ್ತರ ಅಷ್ಟು ಸಮರ್ಪಕವಾಗಿರಲಿಲ್ಲ.

ಕ್ಯಾಥೆಡ್ರಲ್ ಎಂದರೆ ಕೇವಲ ದೊಡ್ಡ ಚರ್ಚಲ್ಲ. ಒಂದು ಪ್ರಾಂತದ ಬಿಷಪರ ಪೀಠವಿರುವ ಚರ್ಚಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ನಮ್ಮ ಗಡಿಭಾಗದವರಿಗೆ ಪರಿಚಿತವಾದದ್ದು ತೆಲಂಗಾಣದ ಮೆದಕ್‌ನದು. ಚಾರ್ಲ್ಸ್ ವಾಕರ್ ಪಾಸ್ನೆಟ್ ಎಂಬ ಆಂಗ್ಲ ಪಾದ್ರಿ ಬರಗಾಲದ ದಿನಗಳಲ್ಲಿ ಹಸಿದ ಜನರಿಗೆ ಕೆಲಸವನ್ನೂ ಅನ್ನವನ್ನೂ ಕೊಟ್ಟು ಅದನ್ನು ಕಟ್ಟಿಸಿದರು. 1924ರ ಡಿಸೆಂಬರ್ 25ರಂದು ಅದರ ಪ್ರತಿಷ್ಠೆಯಾಯಿತು. ಆಗ ಮೆದಕ್ ಮತ್ತು ಗುರುಮಠಕಲ್ ಎರಡೂ ಒಬ್ಬನೇ ನಿಝಾಮನ ಆಳ್ವಿಕೆಯಲ್ಲಿದ್ದವು. ಮುಸ್ಲಿಂ ದೊರೆಯ ಸೀಮೆಯಲ್ಲಿ 175 ಅಡಿ ಎತ್ತರದ ಚರ್ಚಿನ ಗೋಪುರ ಎದ್ದು ನಿಂತಿತು. ಅದರ ಅಡಿಪಾಯದಲ್ಲಿ ಬೇರೆ ಯಾರ ಆರಾಧನಾಲಯದ ಕಥೆಯೂ ಇಲ್ಲದ್ದರಿಂದ ಅದನ್ನು ನೋಡಿ ಬರುವುದು ಮನಸ್ಸಿಗೆ ಹಗುರ. ಕುರ್ತುಬಾ ಹಾಗಲ್ಲ.

ಕ್ರಿ.ಶ. 750ರಲ್ಲಿ ಅಬ್ಬಾಸಿಗಳು ಉಮಯ್ಯ ವಂಶವನ್ನು ಹುಡುಕಿ ಕೊಂದಾಗ ತಪ್ಪಿಸಿಕೊಂಡ ತರುಣ ಅಬ್ದುರ್ರಹ್ಮಾನ್. ಖಲೀಫಾ ಹಿಶಾಮರ ಮೊಮ್ಮಗನಾದ ಈತ ಉತ್ತರ ಆಫ್ರಿಕವನ್ನು ದಾಟಿ 755ರಲ್ಲಿ ಅಂದಲೂಸ್ ತಲಪಿ, ಮರುವರ್ಷ ಕುರ್ತುಬಾದಲ್ಲಿ ಅಧಿಕಾರ ಸ್ಥಾಪಿಸಿದನು. 785ರ ಸುಮಾರಿಗೆ ಮಸೀದಿಯ ಕೆಲಸ ಆರಂಭವಾಯಿತು. ಆ ಜಾಗದಲ್ಲಿ ಸಂತ ವಿನ್ಸೆಂಟರ ಚರ್ಚಿತ್ತೆಂದೂ, ಮುಸ್ಲಿಮರೂ ಕ್ರೈಸ್ತರೂ ಕೆಲಕಾಲ ಅದನ್ನು ಹಂಚಿಕೊಂಡಿದ್ದರೆಂದೂ, ಬಳಿಕ ಅಬ್ದುರ್ರಹ್ಮಾನನು ಹಣ ಕೊಟ್ಟು ಕ್ರೈಸ್ತರ ಪಾಲನ್ನು ಕೊಂಡನೆಂದೂ ನಂತರದ ಅರಬ್ ಚರಿತ್ರೆಕಾರರು ಬರೆದಿದ್ದಾರೆ. ನೆಲದಡಿ ದೊರೆತ ಅವಶೇಷಗಳು ಆ ಚರ್ಚಿನವೇ ಎಂಬ ಬಗ್ಗೆ ಇಂದಿನ ಪುರಾತತ್ವಜ್ಞರಲ್ಲಿ ಒಮ್ಮತವಿಲ್ಲ. ಆದರೆ ಈ ಕಥೆಯನ್ನು ದಾಖಲಿಸಿದವರು ನಮ್ಮವರೇ ಎಂಬುದನ್ನು ಗಮನಿಸಬೇಕು. ತಮ್ಮ ಮಸೀದಿಯ ಕೆಳಗೆ ಚರ್ಚಿತ್ತು ಎಂದು ಬರೆಯಲು ಅವರು ಸಂಕೋಚಪಡಲಿಲ್ಲ, ಬೆಲೆ ಕೊಟ್ಟು ಕೊಂಡದ್ದು ಎಂದು ಸೇರಿಸಲೂ ಮರೆಯಲಿಲ್ಲ.

ಒಳಗೆ ಕಾಲಿಟ್ಟವನಿಗೆ ಮೊದಲು ಕಾಣುವುದು ಕಂಬಗಳ ಕಾಡು. ಇಂದು ಉಳಿದಿರುವವು 850ಕ್ಕೂ ಹೆಚ್ಚು. ಹಳೆಯ ಭಾಗದಲ್ಲಿ ಒಂದರಂತೆ ಇನ್ನೊಂದಿಲ್ಲ. ಒಂದು ಬೂದು, ಒಂದು ಕೆಂಪು, ಒಂದು ನುಣುಪು, ಇನ್ನೊಂದಕ್ಕೆ ಸುರುಳಿ ಗೆರೆ. ಕಾರಣ, ಅವುಗಳಲ್ಲಿ ಬಹುಪಾಲು ರೋಮನ್ನರ ಮತ್ತು ವಿಸಿಗೋಥರ ಪಾಳುಕಟ್ಟಡಗಳಿಂದ ತಂದವು. ಕಂಬಗಳು ಗಿಡ್ಡವಾಗಿದ್ದವು, ಛಾವಣಿಯೋ ಎತ್ತರಕ್ಕೇರಬೇಕಿತ್ತು. ಆದ್ದರಿಂದ ಕಟ್ಟುವವರು ಕಮಾನಿನ ಮೇಲೆ ಇನ್ನೊಂದು ಕಮಾನನ್ನು ನಿಲ್ಲಿಸಿ, ಬಿಳಿ ಕಲ್ಲು ಮತ್ತು ಕೆಂಪು ಇಟ್ಟಿಗೆಯನ್ನು ಒಂದಾದ ಮೇಲೊಂದರಂತೆ ಜೋಡಿಸಿದರು. ಮೆರಿದಾ ಪಟ್ಟಣದಲ್ಲಿ ಇಂದಿಗೂ ನಿಂತಿರುವ ರೋಮನ್ನರ ಮೇಲ್ಗಾಲುವೆಯಲ್ಲಿ ಇದೇ ಉಪಾಯವಿದೆ ಎಂದು ವಿದ್ವಾಂಸರು ತೋರಿಸಿದ್ದಾರೆ. ನಾವು ಇಸ್ಲಾಮೀ ವಾಸ್ತುಶಿಲ್ಪದ ಗುರುತೆಂದು ಕ್ಯಾಲೆಂಡರುಗಳಲ್ಲಿ ತೂಗುಹಾಕುವ ಆ ಕೆಂಪು-ಬಿಳಿ ಕಮಾನಿನ ಪಾಠವನ್ನು ಕಲಿಸಿದ್ದು ಹೀಗೆ ನೀರು ಹರಿಸುವ ಒಂದು ಗೋಡೆಯಿರಬೇಕು.

ಮಸೀದಿ ಎರಡು ಶತಮಾನಗಳಲ್ಲಿ ಮೂರು ಬಾರಿ ಬೆಳೆಯಿತು. ಎರಡನೇ ಅಬ್ದುರ್ರಹ್ಮಾನ್, ಎರಡನೇ ಅಲ್‌ಹಕಮ್, ಕೊನೆಗೆ 987ರಲ್ಲಿ ವಝೀರ್ ಅಲ್‌ಮನ್ಸೂರ್ ಅದನ್ನು ವಿಸ್ತರಿಸಿದರು. ಇವುಗಳಲ್ಲಿ 960ರ ದಶಕದ ಅಲ್‌ಹಕಮರ ಕೆಲಸಕ್ಕೆ ಸಾಟಿಯಿಲ್ಲ. ಇಂದು ಪ್ರವಾಸಿಗರು ಕಟಕಟೆಯ ಹೊರಗಿನಿಂದ ಕತ್ತು ಚಾಚಿ ನೋಡುವ ಮಿಹ್ರಾಬ್ ಅವರದೇ. ಅದರ ಬಂಗಾರದ ಬಣ್ಣದ ಗಾಜಿನ ಹರಳುಗಳಿಗಾಗಿ ಖಲೀಫಾ ಕಾನ್ಸ್ಟಾಂಟಿನೋಪಲ್‌ನ ಕ್ರೈಸ್ತ ಚಕ್ರವರ್ತಿಗೆ ಪತ್ರ ಬರೆದರು. ಚಕ್ರವರ್ತಿ ಹರಳುಗಳ ಹೊರೆಯನ್ನೂ ಅದನ್ನು ಜೋಡಿಸಬಲ್ಲ ಒಬ್ಬ ಕುಶಲಿಯನ್ನೂ ಕಳುಹಿಸಿದನು. ಪವಿತ್ರ ಕುರ್‌ಆನಿನ ವಚನಗಳನ್ನು ಆ ಗೋಡೆಯ ಮೇಲೆ ಹೊಳೆಯುವಂತೆ ಮಾಡುವುದನ್ನು ಅಲ್ಲಿಯ ಕಾರ್ಮಿಕರಿಗೆ ಕಲಿಸಿಕೊಟ್ಟವನು ಚರ್ಚುಗಳನ್ನು ಅಲಂಕರಿಸಿ ಪಳಗಿದ ಕೈಯವನು.

ಅಲ್‌ಮನ್ಸೂರ್‌ನ ಹೆಸರು ಬಂದಾಗ ಇನ್ನೊಂದು ಪ್ರಸಂಗವನ್ನು ಬಿಟ್ಟು ಮುಂದೆ ಹೋಗುವುದು ನ್ಯಾಯವಲ್ಲ. 997ರಲ್ಲಿ ಅವನು ಉತ್ತರ ಸ್ಪೇನಿನ ಸಾಂಟಿಯಾಗೊ ಪಟ್ಟಣವನ್ನು ಮುತ್ತಿ, ಕ್ರೈಸ್ತರಿಗೆ ಅತ್ಯಂತ ಪೂಜ್ಯವಾದ ಯಾತ್ರಾಸ್ಥಳದ ಚರ್ಚನ್ನು ಕೆಡವಿದನು. ಅಲ್ಲಿಯ ಗಂಟೆಗಳನ್ನು ಕ್ರೈಸ್ತ ಸೆರೆಯಾಳುಗಳ ಹೆಗಲ ಮೇಲೆ ಹೊರಿಸಿ ಕುರ್ತುಬಾಕ್ಕೆ ತಂದು ಮಸೀದಿಯಲ್ಲಿ ದೀಪಗಳಾಗಿ ತೂಗಿಸಿದನೆಂದು ಚರಿತ್ರೆಗಳು ಹೇಳುತ್ತವೆ. 1236ರ ಜೂನ್ 29ರಂದು ಕ್ಯಾಸ್ಟಿಲ್‌ನ ದೊರೆ ಮೂರನೇ ಫರ್ಡಿನೆಂಡ್‌ಗೆ ಕುರ್ತುಬಾ ಶರಣಾಯಿತು. ಮಸೀದಿಯನ್ನು ಚರ್ಚಾಗಿ ಪ್ರತಿಷ್ಠಾಪಿಸಲಾಯಿತು. ದೊರೆ ಆ ಗಂಟೆಗಳನ್ನು ಕೆಳಗಿಳಿಸಿ, ಈ ಸಲ ಮುಸ್ಲಿಂ ಸೆರೆಯಾಳುಗಳ ಹೆಗಲ ಮೇಲೆ ಹೊರಿಸಿ ಸಾಂಟಿಯಾಗೊಕ್ಕೆ ಹಿಂದಕ್ಕೆ ಕಳುಹಿಸಿದನು. ನಡುವೆ 239 ವರ್ಷಗಳು ಕಳೆದಿದ್ದವು. ಅಂದಲೂಸ್‌ನ ವೈಭವವನ್ನು ಹಾಡಿ ಹೊಗಳುವ ನಮ್ಮ ಭಾಷಣಗಳಲ್ಲಿ ಈ ಕಥೆಯ ಎರಡನೆಯ ಅರ್ಧವನ್ನು ಮಾತ್ರ ನಾನು ಕೇಳಿದ್ದೇನೆ. ಅವರ ಕಡೆಯ ಭಾಷಣಗಳಲ್ಲಿ ಮೊದಲ ಅರ್ಧ ಮಾತ್ರ ಇರುತ್ತದೆಯೋ ಏನೋ.

ಚರ್ಚಾದ ಮೇಲೆ ಸುಮಾರು ಮುನ್ನೂರು ವರ್ಷ ಕಟ್ಟಡದ ರೂಪ ಹೆಚ್ಚು ಬದಲಾಗಲಿಲ್ಲ. ಗೋಡೆಗುಂಟ ಸಣ್ಣ ಪ್ರಾರ್ಥನಾ ಕೋಣೆಗಳು ಬಂದವು. ದುರಸ್ತಿ ಕೆಲಸವನ್ನು ನಗರದಲ್ಲಿ ಉಳಿದಿದ್ದ ಮುಸ್ಲಿಂ ಬಡಗಿಗಳು, ಗಾರೆಯವರು ಮಾಡಿದರು. ದೊಡ್ಡ ಪೆಟ್ಟು ಬಿದ್ದದ್ದು 1523ರಲ್ಲಿ. ಬಿಷಪ್ ಅಲೊನ್ಸೊ ಮಾನ್ರಿಕೆ ಕಂಬಗಳ ನಟ್ಟನಡುವೆ ಎತ್ತರದ ಹೊಸ ಚರ್ಚನ್ನು ಎಬ್ಬಿಸಲು ಹೊರಟರು. ಆಗ ಅದನ್ನು ತಡೆಯಲು ನಿಂತವರು ಯಾರು? ಕುರ್ತುಬಾದ ಕ್ರೈಸ್ತ ನಗರಸಭೆಯವರು. ಕಂಬಗಳನ್ನು ಕೆಡಹುವ ಕೆಲಸಗಾರನಿಗೆ ಮರಣದಂಡನೆ ಎಂದು ಅವರು ಸಾರಿದರು. ವಿವಾದ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಮುಂದೆ ಹೋಯಿತು, ಅವನು ಬಿಷಪರ ಪರವಾಗಿ ತೀರ್ಪಿತ್ತನು. ಆಮೇಲೆ ಬಂದು ಕಣ್ಣಾರೆ ನೋಡಿದಾಗ, ಎಲ್ಲೆಲ್ಲೂ ಸಿಗುವಂಥದ್ದನ್ನು ಕಟ್ಟಲು ಎಲ್ಲೂ ಸಿಗದದ್ದನ್ನು ಹಾಳುಗೆಡವಿದಿರಲ್ಲ ಎಂಬ ಅರ್ಥದಲ್ಲಿ ಪರಿತಪಿಸಿದನೆಂಬ ಪ್ರತೀತಿಯಿದೆ. ಆ ಕೆಲಸ ಮುಗಿಯುವಾಗ 1607.

ನಾನು ಅಲ್ಲಿ ನಿಂತು ಕಂಡದ್ದನ್ನು ಇದ್ದಂತೆ ಹೇಳಬೇಕು. ಕಂಬಗಳ ಮಬ್ಬಿನಿಂದ ಆ ಚರ್ಚಿನ ಬೆಳಕಿಗೆ ಬಂದಾಗ ಎದೆ ಭಾರವಾಯಿತು. ಆದರೆ ಅದನ್ನು ಕುರೂಪವೆಂದು ಕರೆಯಲು ನಾಲಿಗೆ ಬರಲಿಲ್ಲ. ಮರದ ಕೆತ್ತನೆಯ ಆಸನಗಳ ಸಾಲು, ಎತ್ತರದ ಗುಮ್ಮಟದ ಕೆಳಗೆ ಮೊಣಕಾಲೂರಿದ ಒಬ್ಬ ವೃದ್ಧೆ. ಆಕೆಯ ಪೂರ್ವಜರು ಇಲ್ಲಿ ಪ್ರಾರ್ಥಿಸುತ್ತ ಬಂದಿರುವುದು ಸುಮಾರು ಎಂಟುನೂರು ವರ್ಷಗಳಿಂದ, ನಮ್ಮವರು ಇಲ್ಲಿ ಸಜ್ದಾ ಮಾಡಿದ್ದು ನಾನೂರೈವತ್ತು ವರ್ಷ.

ಸೆವಿಲ್ಲೆಯನ್ನೂ ನೋಡಿದ ಮೇಲೆ ಇನ್ನೊಂದು ಮಾತು ಹೊಳೆಯಿತು. ಅರಬರು ಇಶ್ಬೀಲಿಯಾ ಎನ್ನುತ್ತಿದ್ದ ಆ ನಗರದ ದೊಡ್ಡ ಮಸೀದಿಯೂ 1248ರಲ್ಲಿ ಚರ್ಚಾಯಿತು. 1401ರಲ್ಲಿ ಅದನ್ನು ಕೆಡವಿ ಹೊಸ ಕ್ಯಾಥೆಡ್ರಲ್ ಕಟ್ಟಲು ನಿರ್ಧರಿಸಿದರು. ಇಂದು ಅಲ್ಲಿ ಮಸೀದಿಯ ಗುರುತಾಗಿ ಉಳಿದಿರುವುದು ಕಿತ್ತಳೆ ಮರಗಳ ಅಂಗಳ ಮತ್ತು ಗಂಟೆಗೋಪುರವಾಗಿರುವ ಮಿನಾರ್ ಮಾತ್ರ. ಆ ಮಿನಾರಿಗೆ ಮೆಟ್ಟಿಲುಗಳಿಲ್ಲ. ಕುದುರೆಯೇರಿ ಮೇಲೆ ಹೋಗಬಹುದಾದ ಇಳಿಜಾರು ದಾರಿಯಿದೆ. ಈಗ ಅದನ್ನು ಏದುಸಿರು ಬಿಡುತ್ತ ಹತ್ತುವವರು ಪ್ರವಾಸಿಗರು. ಕುರ್ತುಬಾದಲ್ಲಿ ಹೊಟ್ಟೆ ಸೀಳಿದರು, ಸೆವಿಲ್ಲೆಯಲ್ಲಿ ಇಡೀ ದೇಹವನ್ನೇ ತೆಗೆದರು. ಕುರ್ತುಬಾದ ಕಂಬಗಳನ್ನು ನಮಗಾಗಿ ಉಳಿಸಿದ್ದು, ಅವುಗಳ ಕೆಳಗೆ ತಾವೇ ಪ್ರಾರ್ಥಿಸುತ್ತಿದ್ದ ಕ್ರೈಸ್ತರ ಬಳಕೆ ಎಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಇಷ್ಟಾದ ಮೇಲೆ ದಾದಾರ ಮಾತಿನ ಪರೀಕ್ಷೆಯನ್ನೂ ಮಾಡಬೇಕಲ್ಲ. ಕಲಬುರಗಿಯ ಮಸೀದಿ ಕುರ್ತುಬಾದ ನಕಲು ಎಂದು ಪ್ರವಾಸಿ ಕೈಪಿಡಿಗಳೂ ಬರೆಯುತ್ತ ಬಂದಿವೆ. ಎರಡನ್ನೂ ನೋಡಿದವನಾಗಿ ಹೇಳುತ್ತೇನೆ, ಅದು ಅರ್ಧ ಸತ್ಯವೂ ಅಲ್ಲ. ಕಲಬುರಗಿಯ ಶಾಸನದಲ್ಲಿರುವ ವರ್ಷ 1367, ಬಹಮನಿ ಸುಲ್ತಾನ ಮೊದಲನೇ ಮುಹಮ್ಮದ್ ಶಾಹನ ಕಾಲ. ಕಟ್ಟಿದವನು ರಫೀ, ಇರಾನಿನ ಕಝ್ವೀನ್ ಊರಿನವನು. ಆಗ ಕುರ್ತುಬಾ ಚರ್ಚಾಗಿ ನೂರಮೂವತ್ತೊಂದು ವರ್ಷ ಕಳೆದಿತ್ತು. ಕುರ್ತುಬಾದಲ್ಲಿ ಸಪೂರ ಕಂಬಗಳು, ಎರಡು ಅಂತಸ್ತಿನ ಕಮಾನು, ಮೇಲೆ ಮರದ ಛಾವಣಿ, ಮುಂದೆ ವಿಶಾಲ ಅಂಗಳ. ಕಲಬುರಗಿಯಲ್ಲಿ ಅಂಗಳವೇ ಇಲ್ಲ. 216 ಅಡಿ ಉದ್ದ, 176 ಅಡಿ ಅಗಲದ ಇಡೀ ಕಟ್ಟಡದ ಮೇಲೆ ಛಾವಣಿಯಿದೆ. ಮಿಹ್ರಾಬಿನ ಮುಂದೆ ಒಂದು ಮಹಾ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ನಾಲ್ಕು, ಉಳಿದೆಡೆ ಸಾಲು ಸಾಲು ಚಿಕ್ಕ ಗುಮ್ಮಟಗಳು. ಪಕ್ಕದ ಓಣಿಗಳ ಕಮಾನುಗಳು ನೆಲಕ್ಕೆ ಹತ್ತಿರದಿಂದಲೇ ಹೊರಟು ಅಗಲವಾಗಿ ಬಾಗುತ್ತವೆ. ಅಂಥ ಗಿಡ್ಡ ಕಾಲಿನ, ಅಗಲ ಎದೆಯ ಕಮಾನನ್ನು ನಾನು ಸ್ಪೇನಿನಲ್ಲಿ ಕಾಣಲಿಲ್ಲ. ಇದು ಇರಾನಿನ ಅನುಭವ ದಖನ್ನಿನ ಬಿಸಿಲಿಗೆ ಹುಡುಕಿಕೊಂಡ ಪರಿಹಾರ. ಇದಕ್ಕೆ ಕುರ್ತುಬಾದ ಸರ್ಟಿಫಿಕೇಟು ಬೇಕಾಗಿಲ್ಲ.

ಹಾಗಾದರೆ ನಮ್ಮ ಹಿರಿಯರು ಆ ಹೋಲಿಕೆಯನ್ನು ಅಷ್ಟು ಪ್ರೀತಿಯಿಂದ ಏಕೆ ಹಿಡಿದುಕೊಂಡರು? 1933ರಲ್ಲಿ ಅಲ್ಲಾಮಾ ಇಕ್ಬಾಲ್ ಕುರ್ತುಬಾಕ್ಕೆ ಭೇಟಿಯಿತ್ತರು. ಅವರ 'ಮಸ್ಜಿದೆ ಕುರ್ತುಬಾ' ಕವನ 1935ರ 'ಬಾಲೆ ಜಿಬ್ರೀಲ್' ಸಂಕಲನದಲ್ಲಿ ಅಚ್ಚಾದ ಮೇಲೆ ಉರ್ದು ಓದಬಲ್ಲ ಮನೆಗಳಲ್ಲೆಲ್ಲ ಆ ಹೆಸರು ಕಳೆದುಹೋದ ಸ್ವರ್ಗದ ಹೆಸರಾಯಿತು. ಹೈದರಾಬಾದ್ ಸಂಸ್ಥಾನ 1948ರಲ್ಲಿ ಕೊನೆಗೊಂಡ ಮೇಲೆ ನಮ್ಮ ಸೀಮೆಯ ಮುಸ್ಲಿಮರ ಎದೆಯಲ್ಲಿ ಕಳೆದುಕೊಂಡ ಭಾವವೊಂದು ಬಹುಕಾಲ ಮನೆಮಾಡಿತ್ತು. ಕೋಟೆಯ ಮಸೀದಿಯಲ್ಲಿ ನಿಂತು ಕುರ್ತುಬಾ ಎನ್ನುವಾಗ ದಾದಾ ಬಹುಶಃ ವಾಸ್ತುಶಿಲ್ಪದ ಮಾತನ್ನು ಆಡುತ್ತಿರಲಿಲ್ಲ.

ಈ ದುಃಖದೊಂದಿಗೆ ಏನು ಮಾಡಬೇಕು ಎಂಬಲ್ಲಿ ಮಗನ ಪ್ರಶ್ನೆಗೆ ಮರಳುತ್ತೇನೆ. ಹಝ್ರತ್ ಉಮರ್(ರ) ಜೆರುಸಲೇಮಿಗೆ ಬಂದಾಗ ಅಲ್ಲಿಯ ಪ್ರಧಾನ ಚರ್ಚಿನೊಳಗೆ ನಮಾಝಿನ ವೇಳೆಯಾಯಿತು. ಧರ್ಮಾಧ್ಯಕ್ಷ ಸೊಫ್ರೋನಿಯಸ್ ಅಲ್ಲೇ ನಮಾಝ್ ಮಾಡಿರೆಂದು ಕೋರಿದರು. ಖಲೀಫಾ ಹೊರಗೆ ಬಂದು ಮೆಟ್ಟಿಲ ಬಳಿ ನಮಾಝ್ ನಿರ್ವಹಿಸಿದರು. ತಾನು ಒಳಗೆ ನಮಾಝ್ ಮಾಡಿದರೆ ಮುಂದೊಂದು ದಿನ ಮುಸ್ಲಿಮರು ಅದನ್ನೇ ನೆಪವಾಗಿಸಿ ಚರ್ಚನ್ನು ವಶಪಡಿಸಿಕೊಂಡಾರೆಂಬುದು ಅವರ ಭಯವಾಗಿತ್ತು. ಇದನ್ನು ಬರೆದಿಟ್ಟವರು ಹತ್ತನೇ ಶತಮಾನದ ಕ್ರೈಸ್ತ ಧರ್ಮಾಧ್ಯಕ್ಷ ಸಯೀದ್ ಇಬ್ನ್ ಬಿತ್ರೀಕ್. ಆ ಭಯ ನಿರಾಧಾರವಾಗಿರಲಿಲ್ಲ. ದಮಾಸ್ಕಸ್‌ನಲ್ಲಿ ಸಂತ ಯೋಹಾನರ ಚರ್ಚನ್ನು ಖಲೀಫಾ ವಲೀದ್ ಮಸೀದಿಗೆ ಸೇರಿಸಿಕೊಂಡರು. ಕ್ರೈಸ್ತರು ಮುಂದೆ ಉಮರ್ ಬಿನ್ ಅಬ್ದುಲ್ ಅಝೀಝರ ಬಳಿ ದೂರಿತ್ತಾಗ ಅವರು ಮರಳಿಸಲು ಆದೇಶಿಸಿದರೆಂದೂ, ಕೊನೆಗೆ ನಗರದ ಹೊರವಲಯದ ಚರ್ಚುಗಳನ್ನು ಬಿಟ್ಟುಕೊಟ್ಟು ರಾಜಿಯಾಯಿತೆಂದೂ ಬಲಾಝುರಿ ದಾಖಲಿಸಿದ್ದಾರೆ. ಮಸೀದಿಯಾಗಿ ಹೋದದ್ದನ್ನೂ ಮರಳಿಸಬೇಕೇ ಎಂದು ವಿಚಾರಣೆ ನಡೆಸಿದ ಖಲೀಫಾ ನಮ್ಮ ಚರಿತ್ರೆಯಲ್ಲಿದ್ದಾರೆ.

ಇದನ್ನು ಮನೆಗೆ ತಂದು ನೋಡೋಣ. ವಿಜಯಪುರದಲ್ಲಿ 1320ರ ಕರೀಮುದ್ದೀನ್ ಮಸೀದಿಯಿದೆ. ಅದರ ಕಂಬಗಳು ದೇವಾಲಯದ ಕಂಬಗಳು ಎಂಬುದು ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಹಳೆಯ ಗೋಡೆಗಳ ಕೆಳಗೆ ಏನಿದೆಯೆಂದು ಅಗೆದು ಕೇಳುವ ಕಾಲವಿದು. ಅಂಥ ಪ್ರಶ್ನೆ ಬಂದಾಗಲೆಲ್ಲ ನಾವು 1991ರ ಆರಾಧನಾ ಸ್ಥಳಗಳ ಕಾಯ್ದೆಯನ್ನು ತೋರಿಸುತ್ತೇವೆ: ಅಯೋಧ್ಯೆಯೊಂದನ್ನು ಬಿಟ್ಟು ಉಳಿದೆಲ್ಲ ಆರಾಧನಾಲಯಗಳು 1947ರ ಆಗಸ್ಟ್ 15ರಂದು ಹೇಗಿದ್ದವೋ ಹಾಗೆಯೇ ಇರಬೇಕು ಎನ್ನುತ್ತೇವೆ. ಸರಿಯಾಗಿಯೇ ಹೇಳುತ್ತೇವೆ. ಆದರೆ ಇಲ್ಲಿ ಆ ಗೆರೆಯ ಹಿಂದೆ ಹೋಗಬೇಡಿ ಎನ್ನುವ ನಾವು ಕುರ್ತುಬಾದಲ್ಲಿ 1236ರ ಹಿಂದೆ ಹೋಗೋಣ ಎನ್ನಲಾಗದು. ಇಸ್ತಾಂಬುಲ್‌ನ ಅಯಾ ಸೋಫಿಯಾ 537ರಲ್ಲಿ ಚರ್ಚಾಗಿ ನಿಂತು, 1453ರಲ್ಲಿ ಮಸೀದಿಯಾಗಿ, 1930ರ ದಶಕದಲ್ಲಿ ಮ್ಯೂಸಿಯಮ್ ಆಗಿ, 2020ರ ಜುಲೈಯಲ್ಲಿ ಮತ್ತೆ ಮಸೀದಿಯಾದಾಗ ನಮ್ಮೂರಿನ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿದ ಮುಬಾರಕ್‌ಗಳು ನನಗೆ ನೆನಪಿವೆ. ನಾನೂ ಒಂದನ್ನು ಕಳುಹಿಸಿದ್ದೆ. ಇಂದಾಗಿದ್ದರೆ ಕಳುಹಿಸುತ್ತಿರಲಿಲ್ಲ. ಸೂರಃ ಅಲ್ ಮಾಇದಾದ 8ನೇ ವಚನ ನ್ಯಾಯದ ವಿಷಯದಲ್ಲಿ ನಮ್ಮಿಂದ ಏನನ್ನು ಬಯಸುತ್ತದೆಂದು ಓದುಗರು ಬಲ್ಲರು.

ಪ್ರವಾಸಿಯಾಗಿ ಚರ್ಚಿನೊಳಗೆ ಹೋಗಬಹುದೇ ಎಂದು ಕೆಲವರು ಕೇಳುವುದುಂಟು. ವಿಗ್ರಹ-ಚಿತ್ರಗಳ ಕಾರಣದಿಂದ ಅದನ್ನು ಇಷ್ಟಪಡದ ವಿದ್ವಾಂಸರಿದ್ದಾರೆ, ಅನುಮತಿಸಿದವರೂ ಇದ್ದಾರೆ. ಚಿತ್ರಗಳಿಲ್ಲದ ಚರ್ಚಿನಲ್ಲಿ ಇಬ್ನ್ ಅಬ್ಬಾಸ್(ರ) ನಮಾಝ್ ಮಾಡುತ್ತಿದ್ದರೆಂಬ ವರದಿ ಸಹೀಹ್ ಬುಖಾರಿಯಲ್ಲಿದೆ. ಇತ್ತ ನಜ್ರಾನ್‌ನ ಕ್ರೈಸ್ತ ನಿಯೋಗ ಮದೀನಾಕ್ಕೆ ಬಂದಾಗ ಪ್ರವಾದಿ(ಸ)ಯವರು ಅವರಿಗೆ ತಮ್ಮ ಮಸೀದಿಯಲ್ಲೇ ಪ್ರಾರ್ಥಿಸಲು ಬಿಟ್ಟರೆಂದು ಇಬ್ನ್ ಇಸ್‌ಹಾಕ್ ಬರೆದಿದ್ದಾರೆ. ಕುರ್ತುಬಾದ ಕ್ಯಾಥೆಡ್ರಲಿನಲ್ಲಿ ಮುಸ್ಲಿಮರ ನಮಾಝಿಗೆ ಅನುಮತಿಯಿಲ್ಲ. 2010ರಲ್ಲಿ ಆಸ್ಟ್ರಿಯಾದಿಂದ ಬಂದ ಕೆಲವು ಮುಸ್ಲಿಂ ಯುವಕರು ಅಲ್ಲಿ ನಮಾಝಿಗೆ ನಿಂತು, ಕಾವಲುಗಾರರೊಂದಿಗೆ ಜಗಳವಾಗಿ ಪೊಲೀಸರು ಬರಬೇಕಾಯಿತು. ಆ ಯುವಕರ ಎದೆಯ ತುಡಿತ ನನಗೆ ಅರ್ಥವಾಗುತ್ತದೆ. ಆದರೆ ಟಿಕೆಟು ಕೊಂಡು ಒಳಗೆ ಹೋದವನು ಆ ಮನೆಯ ಅತಿಥಿ.

ಹೊರಗೆ ಕಿತ್ತಳೆ ಮರಗಳ ಅಂಗಳದಲ್ಲಿ ನಾವು ಸ್ವಲ್ಪ ಹೊತ್ತು ಕುಳಿತೆವು. ಎದುರಿಗೆ ಗಂಟೆಗೋಪುರ. 1589ರ ಬಿರುಗಾಳಿಗೆ ಹಳೆಯ ಮಿನಾರ್ ಶಿಥಿಲವಾದ ಮೇಲೆ ಅದರ ಸುತ್ತಲೂ ಹೊಸ ಗೋಪುರವನ್ನು ಹೊದಿಸಿದರು. ಮೂರನೇ ಅಬ್ದುರ್ರಹ್ಮಾನ್ ಕಟ್ಟಿಸಿದ ಮಿನಾರಿನ ಬಹುಭಾಗ ಇಂದಿಗೂ ಆ ಗೋಪುರದ ಹೊಟ್ಟೆಯಲ್ಲಿದೆ. ಅದನ್ನು ಹೇಳಿದಾಗ ಮಗ ಬಹಳ ಹೊತ್ತು ಮೇಲೆ ನೋಡುತ್ತಿದ್ದ. ಆಮೇಲೆ, "ದಾದಾಗೆ ಈ ಫೋಟೋ ತೋರಿಸಬೇಕಿತ್ತು" ಎಂದ. ನನ್ನ ದಾದಾರನ್ನು ಅವನು ನೋಡಿದವನೇ ಅಲ್ಲ.

ಝುಹ್ರ್ ನಮಾಝನ್ನು ಕೋಣೆಗೆ ಮರಳಿ ನಿರ್ವಹಿಸಿದೆವು. ಮೊಬೈಲಿನಲ್ಲಿ ಕಿಬ್ಲಾ ನೋಡಿದರೆ ಅದು ಬಹುಮಟ್ಟಿಗೆ ಪೂರ್ವಕ್ಕಿತ್ತು. ಆ ಮಹಾ ಮಸೀದಿಯ ಮಿಹ್ರಾಬೋ ದಕ್ಷಿಣಕ್ಕೆ ಸಾಕಷ್ಟು ವಾಲಿದೆ. ಅಂದಿನವರು ಹಾಗೇಕೆ ನಿಲ್ಲಿಸಿದರೆಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಮಗ ಮೊಬೈಲ್ ತೋರಿಸಿದ ದಿಕ್ಕಿಗೆ ಟವೆಲ್ ಹಾಸಿದ.